50 ಮೀಟರ್‌ನಲ್ಲೂ ವೇಗದ ವ್ಯತ್ಯಾಸ ಕಾಣುತ್ತದೆ

50 ಮೀಟರ್ ದೂರದ ಟಾರ್ಗೆಟ್‌ಗೆ ಹೊಡೆಯುವ ರೈಫಲ್‌ಗೆ ಬ್ಯಾರೆಲ್ ಚೆನ್ನಾಗಿದ್ದರೆ ಸಾಕು, ಗುಂಡಿನ ವೇಗ ಸ್ವಲ್ಪ ಹೆಚ್ಚು ಕಮ್ಮಿ ಆದರೂ ಪರವಾಗಿಲ್ಲ ಎಂದು ಲೇಖನದಲ್ಲಿ ಬರೆದಿದ್ದೀರಿ. ಇದನ್ನು ಒಪ್ಪಲು ನನಗೆ ಕಷ್ಟ.

ಒಮ್ಮೆ ಲೆಕ್ಕ ಹಾಕಿ ನೋಡಿ. ಸ್ಪರ್ಧೆಗೆ ಬಳಸುವ ಪಾಯಿಂಟ್ 22 ಮ್ಯಾಚ್ ಗುಂಡು ಸೆಕೆಂಡಿಗೆ ಸುಮಾರು 327 ಮೀಟರ್ ವೇಗದಲ್ಲಿ ಹೊರಡುತ್ತದೆ. 50 ಮೀಟರ್ ಮುಟ್ಟುವಷ್ಟರಲ್ಲಿ ಸುಮಾರು 12 ಸೆಂಟಿಮೀಟರ್ ಕೆಳಗೆ ಬಿದ್ದಿರುತ್ತದೆ. ಅದೇ ಬಾಕ್ಸಿನ ಇನ್ನೊಂದು ಗುಂಡು ಸೆಕೆಂಡಿಗೆ 10 ಮೀಟರ್ ನಿಧಾನ ಇತ್ತು ಅನ್ನಿ, ಅದು ಇನ್ನೂ 7 ಮಿಲಿಮೀಟರಿನಷ್ಟು ಕೆಳಗೆ ಬೀಳುತ್ತದೆ. ಒಲಿಂಪಿಕ್ಸ್ ಟಾರ್ಗೆಟ್‌ನಲ್ಲಿ ಹತ್ತು ಪಾಯಿಂಟಿನ ವೃತ್ತದ ಅಗಲವೇ 10.4 ಮಿಲಿಮೀಟರ್, ಅಲ್ವಾ? ಶೂಟರ್ ತಪ್ಪೇ ಮಾಡಿರುವುದಿಲ್ಲ, ಆದರೂ ಪಾಯಿಂಟ್ ಹೋಗಬಹುದು. ದೂರ ಎರಡು ಪಟ್ಟಾದರೆ ಈ ವ್ಯತ್ಯಾಸ ಹತ್ತಿರಹತ್ತಿರ ನಾಲ್ಕು ಪಟ್ಟಾಗುತ್ತದೆ.

ಒಂದು ವಿಷಯ ನಿಜ. ಬ್ಯಾರೆಲ್ ಅದುರುವಾಗ ನಿಧಾನದ ಗುಂಡು ಕೊಂಚ ಮೇಲ್ಮುಖವಾಗಿ ಹೊರಬಿದ್ದರೆ ತಪ್ಪು ಸರಿಹೋಗುತ್ತದೆ. ಬ್ರಿಟಿಷ್ ಸೇನೆಯ ಹಳೆಯ ಲೀ ಎನ್‌ಫೀಲ್ಡ್ ರೈಫಲ್‌ಗಳು 1000 ಗಜದಲ್ಲಿ ಹೆಸರು ಮಾಡಿದ್ದೇ ಈ ಗುಣದಿಂದ. ಆದರೆ ಅದು ಎಲ್ಲ ದೂರಕ್ಕೂ ಒಂದೇ ಥರ ಕೆಲಸ ಮಾಡುವುದಿಲ್ಲ.

ಇನ್ನೊಂದು ಮಾತು. ಐದು ಗುಂಡಿನ ಸರಾಸರಿ ವೇಗ ನೋಡಿ ಸುಮ್ನೆ ಖುಷಿಪಡಬೇಡಿ. ಇಪ್ಪತ್ತು ಮೂವತ್ತು ಗುಂಡನ್ನಾದರೂ ವೇಗ ಅಳೆಯುವ ಕ್ರೊನೊಗ್ರಾಫ್‌ನಲ್ಲಿ ಅಳೆಯಿರಿ. ಒಳ್ಳೆಯ ಲಾಟ್ (ಒಂದೇ ಸಲ ತಯಾರಾದ ಗುಂಡುಗಳು) ಸಿಕ್ಕಿದರೆ ಅದನ್ನೇ ಜಾಸ್ತಿ ಕೊಂಡಿಡಿ.