‘ಸೂಪರ್ ಗುರು’ ಆದಮೇಲೆ

ಬೆಂಗಳೂರಿನ ದರ್ಶಿನಿಯಲ್ಲಿ ಭಾನುವಾರ ಬೆಳಿಗ್ಗೆ ಎಂಟೂವರೆಗೆ ಬೆನ್ನಿಗೆ ಕಪ್ಪು ಚೀಲ, ಕಂಕುಳಲ್ಲಿ ಟ್ರೈಪಾಡ್ ಇಟ್ಟುಕೊಂಡ ನಾಲ್ಕು ಜನ ನಿಂತು ಇಡ್ಲಿ ತಿನ್ನುತ್ತಿದ್ದರೆ, ಅವರು ಹವ್ಯಾಸಿ ಛಾಯಾಗ್ರಾಹಕರೆಂದು ಯಾರೂ ಹೇಳಬೇಕಾಗಿಲ್ಲ. ಒಂದು ಕೈ ಚಟ್ನಿಯಲ್ಲಿ, ಇನ್ನೊಂದು ಕೈ ಪಕ್ಕದವರ ಕ್ಯಾಮೆರಾ ಮೇಲೆ. ‘ಸೂಪರ್ ಗುರು’, ‘ಬೆಂಕಿ ಸಾರ್’, ‘ಏನ್ ಲೈಟು ಮೇಡಂ!’ ಬೆಳಗಿನ ಜಾವ ಐದಕ್ಕೆ ಎದ್ದವರಿಗೆ ಅಷ್ಟು ಹೊಗಳಿಕೆಯಾದರೂ ಸಲ್ಲಬೇಕು, ಬಿಡಿ. ಆದರೆ ‘ಸೂಪರ್’ ಅನ್ನುವುದನ್ನು ಫೋಟೊ ನೋಡದೆಯೂ ಹೇಳಬಹುದು. ‘ಬಲಗಡೆ ಕಂಬ ಯಾಕೋ ಒರಗಿದೆಯಲ್ಲ ಸಾರ್?’ ಅನ್ನಬೇಕಾದರೆ ನೋಡಿರಲೇಬೇಕು.

ವಿಧಾನಸೌಧವನ್ನೇ ತಗೊಳ್ಳಿ. 1956ರಲ್ಲಿ ಕಟ್ಟಿ ಮುಗಿಸಿದ್ದು. ಅಂದಿನಿಂದ ಅದರ ಫೋಟೊ ತೆಗೆಯದ ಕ್ಯಾಮೆರಾ ಈ ಊರಲ್ಲಿ ಇದ್ದಂತಿಲ್ಲ. ಅದರ ಮುಖ ಪೂರ್ವಕ್ಕೆ. ಬೆಳಗಿನ ಓರೆ ಬಿಸಿಲಲ್ಲಿ ಗ್ರಾನೈಟ್ ಕಂಬಗಳ ಕೆತ್ತನೆ ಎದ್ದು ಕಾಣುತ್ತದೆ. ಸಂಜೆ ಹೋದರೆ ಸೂರ್ಯ ಹಿಂದಕ್ಕೆ ಹೋಗಿರುತ್ತಾನೆ, ಕಟ್ಟಡ ಕಪ್ಪು, ಆಕಾಶ ಸುಣ್ಣ. ಸಂಜೆಯೇ ಬಿಡುವಾಗುವವರು ಸೌಧಕ್ಕೆ ಬೆನ್ನು ಮಾಡಿ ಎದುರಿನ ಕೆಂಪು ಅಠಾರಾ ಕಚೇರಿಯ (ಹೈಕೋರ್ಟ್ ಕಟ್ಟಡ) ಕಡೆ ತಿರುಗುವುದು ಲೇಸು.

ಇನ್ನು ಒರಗುವ ವಿಚಾರ. ಗುಮ್ಮಟ ಪೂರ್ತಿ ಬರಲಿ ಅಂತ ಕ್ಯಾಮೆರಾದ ಮೂತಿ ಮೇಲಕ್ಕೆತ್ತಿದರೆ ಒಳಗೆ ಬೆಳಕು ಹಿಡಿಯುವ ಸೆನ್ಸರ್ ಗೋಡೆಗೆ ಸಮಾನಾಂತರವಾಗಿ ಉಳಿಯುವುದಿಲ್ಲ. ಕಂಬಗಳೆಲ್ಲ ಮೇಲೆ ಹೋಗುತ್ತಾ ಒಳಕ್ಕೆ ವಾಲಿ, ಇಡೀ ಸೌಧ ಮಲಗಲು ಹೊರಟಂತೆ ಕಾಣುತ್ತದೆ. ರಸ್ತೆಯ ಆಚೆ ಬದಿಗೆ ಸರಿದು, ಫ್ರೇಮ್ ಉದ್ದಕ್ಕೆ ಮಾಡಿ, ಕ್ಯಾಮೆರಾ ಮಟ್ಟಸವಾಗಿ ಹಿಡಿದರೆ ಕಂಬಗಳು ನೆಟ್ಟಗೆ ನಿಲ್ಲುತ್ತವೆ. ಕೆಳಗೆ ಬಂದ ಡಾಂಬರು, ಬ್ಯಾರಿಕೇಡುಗಳನ್ನು ಆಮೇಲೆ ಕತ್ತರಿಸಿದರಾಯಿತು. ಹಿಂದೆ ಸರಿಯಲು ಜಾಗವೇ ಇಲ್ಲವೆಂದರೆ ವಾಲಿದ್ದನ್ನು ಸಾಫ್ಟ್‌ವೇರ್‌ನಲ್ಲಿ ಎತ್ತಿ ನಿಲ್ಲಿಸಬಹುದು. ಹಾಗೆ ಮಾಡುವಾಗ ಎರಡೂ ಪಕ್ಕದ ಅಂಚು ಹೋಗುತ್ತದೆ, ಆದ್ದರಿಂದ ತೆಗೆಯುವಾಗಲೇ ಸುತ್ತ ಧಾರಾಳವಾಗಿ ಜಾಗ ಬಿಟ್ಟಿರಬೇಕು. ಪೂರ್ತಿ ನೆಟ್ಟಗೆ ಮಾಡಿದರೂ ಕಷ್ಟ, ಕಟ್ಟಡಕ್ಕೆ ತಲೆಭಾರ ಬಂದಂತೆ ಕಾಣುತ್ತದೆ. ಕೂದಲೆಳೆಯಷ್ಟು ವಾಲು ಉಳಿಸುವುದು ಬಲ್ಲವರ ರೂಢಿ. ಫೋಕಸ್ ಸರಿಯಿದೆಯೇ ಎಂದು ನೋಡಲು ‘ಸರ್ಕಾರದ ಕೆಲಸ ದೇವರ ಕೆಲಸ’ ಎಂಬ ಬರಹವನ್ನು ಹಿಗ್ಗಿಸಿ ಓದಿ. ಆ ಮಾತು ಬೇರೆಲ್ಲಿ ಎಷ್ಟು ಉಪಯೋಗಕ್ಕೆ ಬಂದಿದೆಯೋ, ಇಲ್ಲಂತೂ ಬರುತ್ತದೆ.

ಲಾಲ್‌ಬಾಗಿನ ಗಾಜಿನ ಮನೆಯ ಕಾಟವೇ ಬೇರೆ. 1889ರಲ್ಲಿ ಅಡಿಗಲ್ಲು ಬಿದ್ದ ಆ ಕಬ್ಬಿಣದ ಕಮಾನುಗಳಿಗೆ ಎಡ–ಬಲದ ಸಮತೂಕವೇ ಪ್ರಾಣ. ನಿಂತವರು ನಡುಗೆರೆಯಿಂದ ಒಂದು ಗೇಣು ಸರಿದಿದ್ದರೂ ಫೋಟೊ ಚಾಡಿ ಹೇಳುತ್ತದೆ. ಬಹಳಷ್ಟು ಜನ ಆಗ ಕ್ಯಾಮೆರಾವನ್ನು ಅಷ್ಟಿಷ್ಟು ತಿರುಗಿಸಿ ನಡು ಹೊಂದಿಸುತ್ತಾರೆ; ತಪ್ಪಾಗುವುದು ಅಲ್ಲೇ. ನಡುವೇನೋ ನಡುವಿಗೆ ಬರುತ್ತದೆ, ಆದರೆ ಒಂದು ಪಕ್ಕದ ಕಮಾನು ದೊಡ್ಡದು, ಇನ್ನೊಂದು ಚಿಕ್ಕದು. ಸರಿಸಬೇಕಾದ್ದು ಕಾಲನ್ನು. ಗ್ರಿಡ್ ಗೆರೆ ಹಾಕಿಕೊಂಡು, ಹತ್ತಿರದ ಕಮಾನಿನ ತುದಿಯೂ ದೂರದ್ದರ ತುದಿಯೂ ಒಂದೇ ಗೆರೆಗೆ ಬರುವತನಕ ಅರ್ಧರ್ಧ ಹೆಜ್ಜೆ ಇಡಬೇಕು. ಒಳಗಿನಿಂದ ತೆಗೆಯುವಾಗ ಗಾಜಿನ ಸೂರು ಬೆಳ್ಳಗೆ ಸುಟ್ಟು, ನೆಲ ಕತ್ತಲಾಗುತ್ತದೆ. ಎರಡೆರಡು ಸ್ಟಾಪ್ ಅಂತರದಲ್ಲಿ (ಒಂದು ಸ್ಟಾಪ್ ಏರಿಸಿದರೆ ಬೆಳಕು ಎರಡರಷ್ಟು, ಇಳಿಸಿದರೆ ಅರ್ಧ) ಮೂರು ಫ್ರೇಮ್ ತೆಗೆದು ಬೆರೆಸಬಹುದು. ಬೆರಕೆ ಅತಿಯಾದರೆ ಸೂರಿನ ಅಂಚಿಗೆ ದೇವರ ಪಟದ ಪ್ರಭಾವಳಿ ಬಂದುಬಿಡುತ್ತದೆ. ಇಂಥ ಫೋಟೊಗೇ ಹೆಚ್ಚು ‘ಬೆಂಕಿ’ ಬೀಳುವುದು ಯಾಕೋ ತಿಳಿಯದು.

ಮುಸ್ಸಂಜೆಯ ನೀಲಿ ಆಕಾಶದ ಆಸೆ ಎಲ್ಲರಿಗೂ ಇದೆ. ನಾವಿರುವುದು 13 ಡಿಗ್ರಿ ಅಕ್ಷಾಂಶದ ಹತ್ತಿರ. ಸೂರ್ಯ ಬಹುತೇಕ ನೆಟ್ಟಗೆ ಇಳಿಯುವುದರಿಂದ ಆ ಗಾಢ ನೀಲಿ ಕಾಲು ಗಂಟೆಯೂ ನಿಲ್ಲುವುದು ಕಷ್ಟ. ಯುರೋಪಿನವರ ವಿಡಿಯೊ ನೋಡಿ ನಿಧಾನಕ್ಕೆ ಟ್ರೈಪಾಡ್ ಬಿಚ್ಚುತ್ತಾ ಕೂತರೆ ಇಲ್ಲಿ ಕತ್ತಲಾಗಿರುತ್ತದೆ. ಸೂರ್ಯ ಮುಳುಗುವ ಮೊದಲೇ ಜಾಗ ಹಿಡಿದು, ಐಎಸ್‌ಒ (ಬೆಳಕಿನ ಸೂಕ್ಷ್ಮತೆ) 100, ಲೆನ್ಸ್ ಕಿಂಡಿ ಎಫ್/8, ಎರಡು ಸೆಕೆಂಡ್ ಟೈಮರ್ ಹಾಕಿ ಕಾಯಬೇಕು. ಕೈಯಲ್ಲೇ ಹಿಡಿದು ತೆಗೆಯುವವರ ಫೋಟೊದಲ್ಲಿ ಕೆಲವೊಮ್ಮೆ ಎಲ್‌ಇಡಿ ಬೆಳಕಿನ ಪಟ್ಟೆಗಳು ಅಡ್ಡಡ್ಡ ಬೀಳುತ್ತವೆ. ನಮ್ಮ ಕರೆಂಟು 50 ಹರ್ಟ್ಸ್, ದೀಪ ಮಿನುಗುವುದು ಸೆಕೆಂಡಿಗೆ 100 ಸಲ. ಶಟರ್ 1/100 ಅಥವಾ 1/50 ಸೆಕೆಂಡಿಗೆ ಇಳಿಸಿದರೆ ಸಾಮಾನ್ಯವಾಗಿ ಪಟ್ಟೆ ಮಾಯ.

ನಂದಿಬೆಟ್ಟದ ಮೋಡದ ಫೋಟೊಗೆ ಹೆಚ್ಚು ಹೇಳುವುದಿಲ್ಲ, ಅದು ಎಲ್ಲರ ಹತ್ತಿರವೂ ಇದೆ. ಬೆಳ್ಳನೆಯ ಮಂಜನ್ನು ಕ್ಯಾಮೆರಾ ಬೂದು ಎಂದುಕೊಂಡು ಕತ್ತಲು ಮಾಡುತ್ತದೆ; ಒಂದು ಸ್ಟಾಪ್ ಏರಿಸಿ. ಹತ್ತಿರದ ಒಂದು ಬಂಡೆಯೋ ಕೊಂಬೆಯೋ ಇಲ್ಲದಿದ್ದರೆ ಆ ಮಂಜಿಗೆ ಆಳವೇ ಸಿಗುವುದಿಲ್ಲ. ಎಸಿ ಹಾಕಿದ ಕಾರಿನಿಂದ ಇಳಿದ ಕೂಡಲೇ ಲೆನ್ಸ್ ಮೇಲೆ ಹಬೆ ಕೂತರೆ ಒರೆಸಬೇಡಿ, ಮತ್ತೆ ಕೂರುತ್ತದೆ. ಬೆಟ್ಟ ಹತ್ತುವಾಗಲೇ ಎಸಿ ಆರಿಸಿ ಕಿಟಕಿ ಇಳಿಸಿಬಿಡಿ.

ಇಷ್ಟೆಲ್ಲ ಪಾಡುಪಟ್ಟು ತೆಗೆದದ್ದನ್ನು ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿ ಫೋಟೊ ಥರ ಕಳಿಸುತ್ತಾರಲ್ಲ, ಅದು ಫೋಟೊವನ್ನು ಕುಗ್ಗಿಸಿಬಿಡುತ್ತದೆ. ಕಂಬದ ಕೆತ್ತನೆಯೆಲ್ಲ ಮೇಣವಾಗುತ್ತದೆ. ಆಮೇಲೆ ‘ಶಾರ್ಪ್ ಇಲ್ಲ ಗುರು’ ಅಂದರೆ ತೆಗೆದವರಿಗೆ ಬೇಜಾರು. ಡಾಕ್ಯುಮೆಂಟ್ ಆಗಿ ಕಳಿಸಿ. ಕಲರ್ ಪ್ರೊಫೈಲ್ (ಬಣ್ಣ ತೋರಿಸುವ ಮಾನದಂಡ) ಎಸ್‌ಆರ್‌ಜಿಬಿ ಇರಲಿ, ಇಲ್ಲದಿದ್ದರೆ ಕೆಲವು ಫೋನುಗಳಲ್ಲಿ ಅಠಾರಾ ಕಚೇರಿಯ ಕೆಂಪು ಕಳೆಗುಂದುತ್ತದೆ. ನೋಡುವವರೂ ‘ಯಾವ ಕ್ಯಾಮೆರಾ?’ ಅನ್ನುವುದಕ್ಕೆ ಮೊದಲು ಎಷ್ಟು ಹೊತ್ತಿಗೆ, ಎಲ್ಲಿ ನಿಂತು ತೆಗೆದದ್ದು ಎಂದು ಕೇಳಬಹುದು. ಜಾಗ ಹೇಳಲು ಕೆಲವರು ಹಿಂದೆಮುಂದೆ ನೋಡುತ್ತಾರೆ. ಫೋಟೊ ವಿಧಾನಸೌಧದ್ದೇ ಆಗಿದ್ದರೂ!