ಬೇಡವೆನ್ನಲು ಬಟನ್ ಇರಲಿಲ್ಲ

ದೂರದರ್ಶನದ ಹಳೇ ಲೋಗೋ ತಿರುಗುತ್ತಾ ಬಂದು ಕೂಡಿಕೊಳ್ಳುವ ಆ ವಿಡಿಯೋವನ್ನು ವಾಟ್ಸಾಪಿನಲ್ಲಿ ಯಾರಾದರೂ ಹಾಕಿದರೆ ಮುಗೀತು, ನಮ್ಮ ವಯಸ್ಸಿನವರ ಗ್ರೂಪುಗಳಲ್ಲಿ ಇಡೀ ದಿನ ಬೇರೆ ಮಾತಿಲ್ಲ. "ಆ ಕಾಲವೇ ಚೆಂದ", "ಎಲ್ಲರೂ ಒಟ್ಟಿಗೆ ಕೂತು ಸಿನಿಮಾ ನೋಡ್ತಿದ್ವಿ", "ಈಗಿನ ಮಕ್ಕಳಿಗೇನು ಗೊತ್ತು". ಆಮೇಲೆ ಒಂದಷ್ಟು ಕಣ್ಣೀರಿನ ಇಮೋಜಿ. ಆ ಸಂಗೀತ ಕೇಳಿದರೆ ನನಗೂ ಮೈ ಜುಮ್ಮೆನ್ನುತ್ತೆ, ಸುಳ್ಳು ಯಾಕೆ ಹೇಳಲಿ. ಆದರೂ ನಾವು ಹೊಗಳುತ್ತಿರುವುದು ತಪ್ಪು ವಿಷಯವನ್ನು ಅಂತ ನನ್ನ ತಕರಾರು.

ಮೊದಲಿಗೆ ಆ "ಎಲ್ಲರೂ ಒಟ್ಟಿಗೆ" ಅನ್ನೋದು. 80ರ ದಶಕದ ಕೊನೆಯಲ್ಲಿ ಹಾಸನದ ಕಡೆಯ ನಮ್ಮೂರಲ್ಲಿ ಟಿವಿ ಇದ್ದದ್ದು ರೈಸ್ ಮಿಲ್ಲಿನ ಸಾಹುಕಾರರ ಮನೆಯಲ್ಲಿ. ಎರಡೂ ಕಡೆಯಿಂದ ಎಳೆದು ಮುಚ್ಚುವ ಮರದ ಪೆಟ್ಟಿಗೆ, ಅದಕ್ಕೊಂದು ಬೀಗ. ಭಾನುವಾರ ಸಂಜೆ ಬೆಂಗಳೂರು ಕೇಂದ್ರದ ಕನ್ನಡ ಸಿನಿಮಾ ಶುರುವಾಗುವ ಹೊತ್ತಿಗೆ ಹಜಾರ ತುಂಬುತ್ತಿತ್ತು ನಿಜ. ಆದರೆ ಕುರ್ಚಿಯಲ್ಲಿ ಮನೆಯವರು, ಚಾಪೆಯ ಮೇಲೆ ನೆಂಟರಿಷ್ಟರು, ನಮ್ಮಂಥ ಹುಡುಗರು ಬರೀ ನೆಲದ ಮೇಲೆ. ಗದ್ದೆ ಕೆಲಸಕ್ಕೆ ಬರುತ್ತಿದ್ದವರ ಮಕ್ಕಳು ಕಿಟಕಿಯ ಆಚೆ, ಸರಳು ಹಿಡಿದುಕೊಂಡು. ಮಳೆ ಬಂದಾಗಲೂ ಅವರನ್ನು ಯಾರೂ ಒಳಗೆ ಕರೆದದ್ದು ನಾನು ಕಂಡಿಲ್ಲ. ಆ ಮನೆಯ ಹೆಂಗಸರೋ, ಅಡುಗೆಮನೆ ಬಾಗಿಲಿಗೆ ಒರಗಿ ಅರ್ಧ ಸಿನಿಮಾ ನೋಡಿ, ಉಳಿದರ್ಧವನ್ನು ಒಲೆ ಮುಂದೆ ಕಿವಿಯಲ್ಲೇ ಮುಗಿಸುತ್ತಿದ್ದರು. ಕಿಟಕಿಯಾಚೆ ನಿಂತಿದ್ದವರು ಈ ಗ್ರೂಪುಗಳಲ್ಲಿದ್ದಿದ್ದರೆ "ಆ ಕಾಲವೇ ಚೆಂದ" ಅನ್ನುತ್ತಿದ್ದರೋ ಇಲ್ಲವೋ.

ಚಿತ್ರದ ಗುಣಮಟ್ಟವಂತೂ ಕೇಳಲೇಬೇಡಿ. ಹೆಂಚಿನ ಮೇಲೊಬ್ಬ ಹತ್ತಿ ಆ್ಯಂಟೆನಾ ತಿರುಗಿಸುವುದು, "ಬಂತಾ?" "ಇಲ್ಲ, ಇನ್ನೂ ಸ್ವಲ್ಪ ಆ ಕಡೆ", "ಸಾಕು ಸಾಕು, ಅಲ್ಲೇ ಬಿಡು". ಅವನು ಕೆಳಗಿಳಿಯುವಷ್ಟರಲ್ಲಿ ಒಂದು ಕಾಗೆ ಬಂದು ಕೂತರೆ ಮತ್ತೆ ಪರದೆ ತುಂಬ ಚುಕ್ಕಿ. ಕ್ಲೈಮ್ಯಾಕ್ಸ್ ಹೊತ್ತಿಗೆ ಕರೆಂಟು ಹೋಗುವುದು ಅಥವಾ "ಅಡಚಣೆಗಾಗಿ ಕ್ಷಮಿಸಿ" ಅಂತ ಫಲಕ ಬರುವುದು. ಇದನ್ನೆಲ್ಲ ಮತ್ತೆ ಬೇಕು ಅನ್ನುವವರಿಗೆ ದೊಡ್ಡ ನಮಸ್ಕಾರ.

ಹಾಗಾದರೆ ಅಲ್ಲಿ ನಿಜಕ್ಕೂ ಇದ್ದದ್ದೇನು? ನನ್ನ ಪ್ರಕಾರ ಒಂದೇ: ಏನು ನೋಡಬೇಕು ಅನ್ನುವುದು ನಮ್ಮ ಕೈಯಲ್ಲಿರಲಿಲ್ಲ. ಬೆಂಗಳೂರಿನಲ್ಲಿ ಕೂತ ಯಾರೋ ಆರಿಸಿದ ಸಿನಿಮಾ. ಬೇಕಾದರೆ ನೋಡು, ಬೇಡವಾದರೆ ಎದ್ದು ಹೋಗು. ಎದ್ದು ಹೋದರೆ ನೆಲದ ಮೇಲಿನ ಆ ಜಾಗ ಇನ್ನೊಬ್ಬನ ಪಾಲು, ಹಾಗಾಗಿ ಯಾರೂ ಏಳುತ್ತಿರಲಿಲ್ಲ. ಫೈಟಿಂಗ್ ಇಲ್ಲದ, ಬಣ್ಣ ಇಲ್ಲದ, ನಾವು ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲು ಬಂದ ಚಿತ್ರವನ್ನು ಗೊಣಗುತ್ತಲೇ ಕೊನೆತನಕ ನೋಡುತ್ತಿದ್ದೆವು.

ಅದರಿಂದ ಒಂದು ವಿಚಿತ್ರ ಲಾಭ ಆಯಿತು. ಈ ವಾರ 50ರ ದಶಕದ ಪೌರಾಣಿಕ, ಮುಂದಿನ ವಾರ 70ರ ದಶಕದ ಸಾಂಸಾರಿಕ, ಅದರ ಮುಂದಿನ ವಾರ ಮತ್ತೆ ಕಪ್ಪುಬಿಳುಪು. ವರ್ಷಗಳಿಗೆ ಹಿಂದುಮುಂದು ಇರಲಿಲ್ಲ. 1954ರ 'ಬೇಡರ ಕಣ್ಣಪ್ಪ'ದಲ್ಲಿ ರಾಜ್‌ಕುಮಾರ್‌ಗೆ ಹೆಂಡತಿಯಾದ ಪಂಢರೀಬಾಯಿ, ಮುಂದೆ ಅವರಿಗೇ ತಾಯಿಯಾಗಿ ನಟಿಸಿದವರು. ಇಂಥದ್ದನ್ನು ತಿರುಗಾಮುರುಗಾ ನೋಡಿದ ಹುಡುಗನ ತಲೆ ಏನಾಗಬೇಡ? ನಾನಂತೂ ಅಜ್ಜಿಯನ್ನು ಕೇಳಿಯೇಬಿಟ್ಟಿದ್ದೆ. "ಅಯ್ಯೋ ಮಂಕೇ, ಆಗ ಅವ್ರು ಹುಡುಗಿ ಕಣೋ" ಅಂದಿದ್ದರು. ಸಿನಿಮಾದವರಿಗೂ ವಯಸ್ಸಾಗುತ್ತೆ ಅನ್ನುವುದು ಗೊತ್ತಾದದ್ದೇ ಆವಾಗ.

ಅಜ್ಜಿಯ ವಿಷಯ ಬಂತಲ್ಲ, ಅವರು ಆ ಚಿತ್ರಗಳಲ್ಲಿ ಅರ್ಧಕ್ಕರ್ಧ ಟೆಂಟಿನಲ್ಲಿ ನೋಡಿದ್ದವರು. ಹೀಗಾಗಿ ನಮಗೆ ಸಿನಿಮಾ ಜೊತೆ ಕಾಮೆಂಟರಿ ಉಚಿತ. "ಇವನನ್ನ ನಂಬಬೇಡ, ಆಮೇಲೆ ಮೋಸ ಮಾಡ್ತಾನೆ", "ಈಗ ಹಾಡು ಬರುತ್ತೆ ನೋಡು". ಸಿಟ್ಟು ಬರುತ್ತಿತ್ತು. ಆದರೆ ಹಾಸ್ಯನಟ ನರಸಿಂಹರಾಜು ಪರದೆ ಮೇಲೆ ಬಂದ ತಕ್ಷಣ ಅಜ್ಜಿ ನಗುವುದಕ್ಕೆ ಶುರು ಮಾಡುತ್ತಿದ್ದರು, ಅವರು ನಕ್ಕಿದ್ದಕ್ಕೆ ನಾವೂ ನಗುತ್ತಿದ್ದೆವು. ಅದೇ ಕಾಲದ ಇನ್ನೊಬ್ಬ ನಟ ಬಾಲಕೃಷ್ಣ ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ, ಎದುರಿಗಿದ್ದವರ ತುಟಿ ನೋಡಿಕೊಂಡೇ ಸಂಭಾಷಣೆಯ ಸಮಯ ಹಿಡಿಯುತ್ತಿದ್ದರು ಅನ್ನುವುದನ್ನು ನಾನು ಓದಿದ್ದು ಎಷ್ಟೋ ವರ್ಷಗಳ ನಂತರ. ಅದಾದಮೇಲೆ ಅವರ ಒಂದೊಂದು ದೃಶ್ಯವನ್ನೂ ಮತ್ತೆ ಹುಡುಕಿ ನೋಡಿದ್ದೇನೆ. ಮೊದಲು ನೋಡಿರದಿದ್ದರೆ ಹುಡುಕುವುದಾದರೂ ಏನನ್ನು?

ಭಾನುವಾರ ಮಧ್ಯಾಹ್ನದ ಸಿನಿಮಾವನ್ನು ನೆನೆಸಿಕೊಳ್ಳುವವರು ಕಡಿಮೆ, ನನಗೆ ಅದರ ಮೇಲೇ ಹೆಚ್ಚು ಪ್ರೀತಿ. ಮೊದಲು ಕಿವಿ ಕೇಳದವರಿಗಾಗಿ ಕೈಸನ್ನೆಯ ವಾರ್ತೆ, ಆಮೇಲೆ ದೆಹಲಿಯಿಂದ ಯಾವುದೋ ಒಂದು ಭಾರತೀಯ ಭಾಷೆಯ ಪ್ರಶಸ್ತಿ ಚಿತ್ರ, ಕೆಳಗೆ ಇಂಗ್ಲಿಷ್ ಅಕ್ಷರ. ಕನ್ನಡದ ಸರದಿ ಬರಲು ವಾರಗಟ್ಟಲೆ ಕಾಯಬೇಕು. ಭಾಷೆ ಬರದು, ಕೆಳಗಿನ ಇಂಗ್ಲಿಷ್ ಓದುವಷ್ಟರಲ್ಲಿ ಮಾಯ. ಊಟ ಮಾಡಿದ ದೊಡ್ಡವರೆಲ್ಲ ಗೊರಕೆ. ಆಗ ಜಾಗಕ್ಕೆ ಜಗಳವಿಲ್ಲ, ಖಾಲಿ ಕುರ್ಚಿಯಲ್ಲೂ ಕೂರಬಹುದಿತ್ತು. ಬಂಗಾಳಿಯದೋ ಮಲಯಾಳದ್ದೋ ಚಿತ್ರದಲ್ಲಿ ಒಬ್ಬ ಮುದುಕ ಸುಮ್ಮನೆ ನಡೆದುಕೊಂಡು ಹೋಗುತ್ತಲೇ ಇರುತ್ತಾನೆ, ಹಾಡಿಲ್ಲ, ಮಾತಿಲ್ಲ. "ಏನೂ ಆಗ್ತಾನೇ ಇಲ್ವಲ್ಲೋ" ಅಂತ ಗೆಳೆಯ ಗದ್ದೆಬಯಲಿಗೆ ಓಡಿದ. ನಾನು ಕೂತೆ. ಅರ್ಥವಾಯಿತು ಅಂತ ಹೇಳುವುದಿಲ್ಲ. ಆದರೆ ಸಿನಿಮಾ ಹೀಗೂ ಇರಬಹುದು ಅನ್ನುವ ಸುದ್ದಿ ನನಗೆ ತಲುಪಿದ್ದು ಅಲ್ಲಿಂದಲೇ. ಯಾರಾದರೂ ನನ್ನನ್ನು ಕೇಳಿ ಹಾಕಿದ್ದರೆ ನಾನು ಜನ್ಮದಲ್ಲಿ ಅದನ್ನು ಆರಿಸುತ್ತಿರಲಿಲ್ಲ.

1994ರಲ್ಲಿ ಉದಯ ಟಿವಿ ಬಂತು, ಊರಿಗೆ ಕೇಬಲ್ ಬಂತು, ದಿನಾ ಸಿನಿಮಾ. ನಾವೆಲ್ಲ ಕುಣಿದಾಡಿದ್ದೇ. ಕಿಟಕಿಯಾಚೆಯವರ ಮನೆಗೂ ನಿಧಾನಕ್ಕೆ ಟಿವಿ ಬಂತು. ಇದು ಒಳ್ಳೆಯ ಬದಲಾವಣೆ, ಅದರಲ್ಲಿ ಎರಡು ಮಾತಿಲ್ಲ. ಈಗ ಯೂಟ್ಯೂಬಿನಲ್ಲಿ ಆ ಹಳೇ ಚಿತ್ರಗಳು ಎಷ್ಟೋ ಪುಕ್ಕಟೆಯಾಗಿವೆ. ಆದರೂ ಯಾರು ನೋಡುತ್ತಿದ್ದಾರೆ? ಆಗಲೇ ನೋಡಿದ್ದ ನಾವೇ. ಫೋನು ನನ್ನ ರುಚಿಯನ್ನು ಅಳೆದುಕೊಂಡು ಅದನ್ನೇ ಮತ್ತೆ ಬಡಿಸುತ್ತೆ, ಮಗಳಿಗೆ ಅವಳದನ್ನು. ಅವಳು ಕೊರಿಯಾದ ಧಾರಾವಾಹಿ ಅಚ್ಚುಕಟ್ಟಾಗಿ ನೋಡುತ್ತಾಳೆ, ನಮ್ಮ ಹಳೇ ಚಿತ್ರಗಳ ನಾಯಕಿ ಕಲ್ಪನಾ ಯಾರು ಅಂದರೆ ಗೊತ್ತಿಲ್ಲ. ಅವಳನ್ನು ಬೈದು ಏನು ಪ್ರಯೋಜನ? ನಾವೇನು ಹುಡುಕಿಕೊಂಡು ಹೋಗಿ ನೋಡಿದ್ದೆವಾ? ನಮ್ಮ ಮುಂದೆ ತಂದು ಇಟ್ಟಿದ್ದರು, ಅಷ್ಟೇ.

ಇನ್ನು ಇಡುವುದಕ್ಕೆ ಚಿತ್ರವಾದರೂ ಉಳಿದಿರಬೇಕಲ್ಲ. ಕನ್ನಡದ ಮೊದಲ ವಾಕ್ಚಿತ್ರ, 1934ರ 'ಸತಿ ಸುಲೋಚನ'ದ ಒಂದು ಪ್ರತಿಯೂ ಇವತ್ತು ಇಲ್ಲ. ಗಿರೀಶ ಕಾಸರವಳ್ಳಿಯವರ 1977ರ 'ಘಟಶ್ರಾದ್ಧ'ದ ಅದೃಷ್ಟ ದೊಡ್ಡದು. ಹಳೇ ಚಿತ್ರಗಳನ್ನು ಕಾಪಾಡುವ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಹಾಲಿವುಡ್ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸೆಯವರ ಸಂಸ್ಥೆ ಕೈಜೋಡಿಸಿ ಅದರ ಹಳೇ ಪ್ರತಿಯನ್ನು ಸರಿಪಡಿಸಿ ಹೊಸದರಂತೆ ಮಾಡಿದ ಮೇಲೆ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನವಾಯಿತು. ವೆನಿಸ್‌ನವರು ನೋಡಿದ್ದನ್ನು ಚನ್ನರಾಯಪಟ್ಟಣದ ಹುಡುಗಿ ಮನೆಯ ಟಿವಿಯಲ್ಲಿ ಯಾವಾಗ ನೋಡುತ್ತಾಳೆ?

ಅದಕ್ಕೇ ದೂರದರ್ಶನದ ಕನ್ನಡ ವಾಹಿನಿ ಚಂದನದವರಿಗೆ ನನ್ನ ಕೋರಿಕೆ. ಭಾನುವಾರ ಸಂಜೆ ಒಂದು ಹೊತ್ತು ಗೊತ್ತುಮಾಡಿ, ಯೋಚಿಸಿ ಆರಿಸಿದ ಒಂದೇ ಒಂದು ಹಳೇ ಚಿತ್ರ ಹಾಕಿ. ಶುರುವಿಗೆ ಐದು ನಿಮಿಷ ಯಾರಾದರೂ ಬಲ್ಲವರು ಬಂದು ಈ ಚಿತ್ರ ಯಾಕೆ, ಇದರಲ್ಲಿ ಏನು ಗಮನಿಸಬೇಕು ಅಂತ ಹೇಳಲಿ. ಜನಪ್ರಿಯವಾದದ್ದನ್ನೇ ಹಾಕಬೇಕಿಲ್ಲ, ಬೇಜಾರು ಹಿಡಿಸುವಂಥದ್ದೂ ನಡುನಡುವೆ ಇರಲಿ. ಟೈಟಲ್ ಕಾರ್ಡು ಕತ್ತರಿಸದೆ ಪೂರ್ತಿ ತೋರಿಸಿ, ಕ್ಯಾಮೆರಾ ಹಿಡಿದವರ, ಸಂಕಲನ ಮಾಡಿದವರ ಹೆಸರು ಓದಿಕೊಳ್ಳುತ್ತೇವೆ. ಮತ್ತೆ ದಯವಿಟ್ಟು ಕೆಳಗಡೆ ಓಡುವ ಆ ಸುದ್ದಿಪಟ್ಟಿ ಮಾತ್ರ ಬೇಡ.