ಕೊನೆ ಟ್ರಿಪ್ ಇವತ್ತೂ ಕಟ್

"ಜನ ಇಲ್ಲ ಮಾರಾಯ್ರೆ, ಡೀಸೆಲ್ ದುಡ್ಡೂ ಹುಟ್ಟುವುದಿಲ್ಲ." ಉಡುಪಿಯಿಂದ ನಮ್ಮೂರಿಗೆ ಬರುವ ಕೊನೆ ಬಸ್ಸು ಯಾಕೆ ಬರಲಿಲ್ಲ ಎಂದರೆ ಕಂಡಕ್ಟರನ ಉತ್ತರ ಇದು. ಜನ ಎಲ್ಲಿಂದ ಇರ್ತಾರೆ? ನಿಮ್ಮನ್ನು ನಂಬಿ ಕಾದು ಸಾಕಾದವರೆಲ್ಲ ಸಾಲ ಮಾಡಿ ಸ್ಕೂಟರ್ ತಗೊಂಡರು. ಉಳಿದದ್ದು ಗಂಟು ನೋವಿನ ಅಜ್ಜಿಯಂದಿರು, ಕಾಲೇಜು ಮಕ್ಕಳು, ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತು ಬರುವ ಹುಡುಗಿಯರು.

2011ರ ಜನಗಣತಿ ಪ್ರಕಾರ ಉಡುಪಿ ಜಿಲ್ಲೆಯಲ್ಲಿ ಸಾವಿರ ಗಂಡಸರಿಗೆ 1,094 ಹೆಂಗಸರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು, ಸರ್ಕಾರಿ ಬಸ್ಸಲ್ಲಿ ಹೆಂಗಸರಿಗೆ ಫ್ರೀ. ಸಂತೋಷ. ಸರ್ಕಾರಿ ಬಸ್ಸೆಲ್ಲಿ? ನಮ್ಮ ಕಡೆ ಒಳದಾರಿಗಳಲ್ಲಿ ಓಡುವುದು ಹೆಚ್ಚಿನದೂ ಖಾಸಗಿ. ಆಧಾರ್ ಕಾರ್ಡು ಪರ್ಸಿನಲ್ಲೇ ಬಾಕಿ.

ಟಿಕೆಟ್ ದುಡ್ಡು ಕೊಡ್ತೇವಪ್ಪ, ಅದಕ್ಕೆ ತಕರಾರಿಲ್ಲ. ಬಸ್ಸಾದರೂ ಬರಲಿ! ಮಳೆಗಾಲದಲ್ಲಿ ತಂಗುದಾಣದ ಶೀಟು ಎಷ್ಟು ಸೋರುತ್ತದೆಂದರೆ ಒಳಗೂ ಕೊಡೆ ಬಿಡಿಸಿಯೇ ನಿಲ್ಲಬೇಕು. ಕತ್ತಲಾದ ಮೇಲೆ ರಿಕ್ಷಾವೇ ಗತಿ. ಅವನು ಖಾಲಿ ವಾಪಸ್ ಬರುವ ಬಾಡಿಗೆಯನ್ನೂ ಸೇರಿಸಿ ಹೇಳುತ್ತಾನೆ. (ಅವನನ್ನು ಬೈಯುವ ಹಾಗೂ ಇಲ್ಲ, ಆ ಹೊಂಡ ಬಿದ್ದ ಏರಿನಲ್ಲಿ ಬರುವುದೇ ದೊಡ್ಡದು.)

ಮದುವೆ ಸೀಸನ್ನಿನಲ್ಲಂತೂ ಕೇಳುವುದೇ ಬೇಡ. ಮೊನ್ನೆ ಭಾನುವಾರ ಬಸ್ಸು ಬಂತೆಂದು ಎಲ್ಲರೂ ಚೀಲ ಎತ್ತಿಕೊಂಡು ಎದ್ದೆವು. ನಮ್ಮ ಬಸ್ಸೇ, ಮುಂದೆ ಹೂವಿನ ಮಾಲೆ, ಒಳಗೆ ದಿಬ್ಬಣ. ಉದ್ದಕ್ಕೆ ಹಾರ್ನ್ ಹೊಡೆದು ಹೋಯಿತು. ಡೋರಿನಲ್ಲಿ ನೇತಾಡುತ್ತಿದ್ದ ಅದೇ ಕಂಡಕ್ಟರ್ ನಮಗೆ ಟಾಟಾ ಮಾಡಿದ.